ಅಕ್ಕನ ಮಾತಿನ ನಡುವೆ ಮೆಷಿನ್ ದನಿ: ಬೆರೆಸಬಹುದಾ?

ಪ್ರಶ್ನೆ

ನಮಸ್ಕಾರ ಸರ್. ಡೊಂಬಿವಲಿಯಲ್ಲಿ ನಮ್ಮದೊಂದು ಬಸ್ ಬುಕಿಂಗ್ ಆಫೀಸ್ ಇದೆ. ಮುಂಬೈಯಿಂದ ಕುಂದಾಪುರ, ಉಡುಪಿ, ಮಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳು. ಮಾವನವರು ಶುರುಮಾಡಿದ್ದು, ಈಗ ನಾನೂ ನನ್ನ ಗಂಡನೂ ನೋಡಿಕೊಳ್ಳುತ್ತೇವೆ. ಗಿರಾಕಿಗಳಲ್ಲಿ ಹೆಚ್ಚಿನವರು ಹೋಟೆಲ್ ಕೆಲಸದವರು, ವಯಸ್ಸಾದವರು. 6 ವರ್ಷದ ಹಿಂದೆ ಫೋನಿಗೆ ಐವಿಆರ್ (ತಾನಾಗಿ ಉತ್ತರ ಹೇಳುವ ಸಿಸ್ಟಂ) ಹಾಕಿಸಿದಾಗ, ನಮ್ಮ ಕೌಂಟರಿನಲ್ಲಿ 14 ವರ್ಷ ಕೂತಿದ್ದ ಅಕ್ಕನ ದನಿಯಲ್ಲೇ ಎಲ್ಲ ರೆಕಾರ್ಡ್ ಮಾಡಿಸಿದ್ದೆವು. ಅವರೀಗ ಕೆಲಸ ಬಿಟ್ಟು ಊರಲ್ಲಿ, ಕೋಟದಲ್ಲಿ ಇದ್ದಾರೆ.

ಈ ವರ್ಷ ಹೊಸ ಸಿಸ್ಟಂ ಹಾಕಿಸಿದೆವು. ಗಿರಾಕಿ ಬಾಯಲ್ಲೇ ಕೇಳಬಹುದು, ಅದು ಬಸ್ಸಿನ ಟೈಮ್, ಸೀಟ್ ನಂಬರ್, ಹತ್ತುವ ಜಾಗ ಹೇಳುತ್ತದೆ. ಖಾಯಂ ಮಾತುಗಳು ಅಕ್ಕನ ಹಳೇ ರೆಕಾರ್ಡಿಂಗ್, ಬದಲಾಗುವ ಮಾತುಗಳಿಗೆ ಮೆಷಿನ್ ದನಿ. ಆಗಿನಿಂದ ಜನ ಅರ್ಧದಲ್ಲೇ ಫೋನ್ ಇಡುತ್ತಿದ್ದಾರೆ. ಒಬ್ಬ ಅಜ್ಜ ಆಫೀಸಿಗೇ ಬಂದು, "ಅಕ್ಕ ಮಾತಾಡ್ತಾ ಇದ್ರು, ನಡುವೆ ಬಾಯಿ ಹಾಕಿದ್ದು ಯಾರು?" ಅಂತ ಕೇಳಿದರು. ಸಿಸ್ಟಂ ಹಾಕಿದವರು ಹೇಳುತ್ತಾರೆ, ಹಳೇ ರೆಕಾರ್ಡಿಂಗ್‌ನಿಂದ ಅಕ್ಕನ ದನಿಯನ್ನೇ ಕಂಪ್ಯೂಟರಿನಲ್ಲಿ ನಕಲು (ಕ್ಲೋನ್) ಮಾಡಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಅಂತ. ಮಗ ಹೇಳುತ್ತಾನೆ, ಎಲ್ಲವನ್ನೂ ಮೆಷಿನ್‌ಗೇ ಕೊಡಿ ಅಂತ. ಗಂಡ ಅಕ್ಕನ ದನಿ ತೆಗೆಯಲು ಒಪ್ಪುತ್ತಿಲ್ಲ. ಅಕ್ಕನನ್ನು ಫೋನಿನಲ್ಲಿ ಕೇಳಿದೆ. "ನಿಮಗೆ ಹೇಗೆ ಬೇಕೋ ಹಾಗೆ ಮಾಡಿ" ಅಂದರು, ಆದರೆ ದನಿಯಲ್ಲಿ ಖುಷಿ ಇರಲಿಲ್ಲ. ಎರಡು ದನಿ ಬೆರೆಸುವುದೇ ತಪ್ಪಾ? ನಾವೇನು ಮಾಡಬೇಕು? 3 ಕಾಲ್‌ಗಳ ರೆಕಾರ್ಡಿಂಗ್ ಕಳಿಸಿದ್ದೇನೆ.

— ಓದುಗರೊಬ್ಬರು, ಡೊಂಬಿವಲಿ

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸುತ್ತಿಕೊಂಡಿವೆ. ಎರಡು ದನಿ ಬೆರೆತರೆ ಕೇಳುವವರಿಗೆ ಯಾಕೆ ಕಸಿವಿಸಿ ಆಗುತ್ತದೆ, ಅದನ್ನು ಸರಿಮಾಡುವುದು ಹೇಗೆ ಅನ್ನುವುದು ಒಂದು. ಅಕ್ಕನ ದನಿ ಯಾರದ್ದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ, ಫೋನ್ ಮಾತು ಮಾಡಿಕೊಡುವ ನನ್ನ ಕಸುಬಿನಲ್ಲಿ ಒಳ್ಳೆಯ ಉತ್ತರ ಇದೆ. ಎರಡನೆಯದಕ್ಕೆ ನೀವು ಕೋಟಕ್ಕೆ ಹೋಗಬೇಕಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಕಳಿಸಿದ್ದನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ಕೇಳಿದೆ. ಆಮೇಲೆ ಫೋನಿಗೆ ಹಾಕಿಕೊಂಡು ಅಂಧೇರಿ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ನಿಂತು ಕೇಳಿದೆ. ನಿಮ್ಮ ಗಿರಾಕಿಗಳು ಕೇಳುವುದು ಅಂಥ ಜಾಗದಲ್ಲೇ ಅಲ್ವಾ? ಎರಡನೇ ಕಾಲ್‌ನಲ್ಲಿ ಒಂದು ವಾಕ್ಯ ಇದೆ. "ನಿಮ್ಮ ಬಸ್ಸು" ಅನ್ನುವುದು ಅಕ್ಕ. "ಕುಂದಾಪುರಕ್ಕೆ" ಅನ್ನುವುದು ಮೆಷಿನ್. "ಬೆಳಿಗ್ಗೆ" ಮತ್ತೆ ಅಕ್ಕ. "ಹತ್ತು ಗಂಟೆ ಮೂವತ್ತು ನಿಮಿಷಕ್ಕೆ" ಮೆಷಿನ್. "ತಲುಪುತ್ತದೆ" ಅಕ್ಕ. ಒಂದೇ ವಾಕ್ಯದಲ್ಲಿ ನಾಲ್ಕು ಜಾಯಿಂಟ್. ಅಕ್ಕನ ಹಿಂದೆ ಸಣ್ಣಗೆ ಫ್ಯಾನ್ ತಿರುಗುವ ಸದ್ದಿದೆ. ಮೆಷಿನ್ ಮಾತು ಬಂದಾಗ ಆ ಫ್ಯಾನ್ ಗಕ್ಕನೆ ನಿಲ್ಲುತ್ತದೆ, ಅಕ್ಕ ಬಂದಾಗ ಮತ್ತೆ ಶುರುವಾಗುತ್ತದೆ. ನಿಮ್ಮ ಅಜ್ಜ ಕೇಳಿದ ಪ್ರಶ್ನೆ ನೂರಕ್ಕೆ ನೂರು ಸರಿ. ಅವರ ಕಿವಿಗೆ ಇಬ್ಬರು ಒಂದೇ ಫೋನನ್ನು ಕಿತ್ತುಕೊಂಡು ಮಾತಾಡಿದ ಹಾಗೆ ಕೇಳಿಸಿದೆ.

"ಫೋನ್‌ನ ಸೌಂಡೇ ಹಾಗೆ, ಇಷ್ಟೆಲ್ಲ ಯಾರಿಗೂ ಗೊತ್ತಾಗೋದಿಲ್ಲ" ಅಂತ ಸಿಸ್ಟಂ ಮಾರುವವರು ಹೇಳುವುದುಂಟು. ಅದರಲ್ಲಿ ಅರ್ಧ ನಿಜ ಇದೆ. ಹಳೇ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತದೆ. ಅದರ ಮೇಲಿನದೆಲ್ಲ ಕತ್ತರಿಸಿ ಹೋಗುತ್ತದೆ. 'ಸ'ಕಾರದ ಆ ಚೂಪು ಅಲ್ಲೇ ಮೇಲೆ ಇರುವುದರಿಂದ ಫೋನಿನಲ್ಲಿ 'ಸ', 'ಫ' ಒಂದೇ ಥರ ಕೇಳುತ್ತವೆ. ಹೆಂಗಸರ ಮೂಲ ಸ್ವರ ಸುಮಾರು 200 ಹರ್ಟ್ಸ್ ಆಸುಪಾಸು ಇರುತ್ತದೆ. ಅಂದರೆ ಅದೂ ಈ ಲೈನಿನಲ್ಲಿ ಬರುವುದಿಲ್ಲ. ಆದರೂ ನಿಮಗೆ ಅಕ್ಕನ ಸ್ವರದ ಏರಿಳಿತ ಸ್ಪಷ್ಟವಾಗಿ ಕೇಳುತ್ತದೆ. ಮೇಲಿನ ಪದರಗಳನ್ನು ಹಿಡಿದು ಕೆಳಗಿನ ಸ್ವರವನ್ನು ಕಿವಿಯೂ ಮೆದುಳೂ ಸೇರಿ ಕಟ್ಟಿಕೊಳ್ಳುತ್ತವೆ. ಹಾಗಾಗಿ ದನಿಯ ಬಣ್ಣದಲ್ಲಿರುವ ವ್ಯತ್ಯಾಸವನ್ನು ಫೋನ್ ಸ್ವಲ್ಪ ಮುಚ್ಚುತ್ತದೆ ಅನ್ನುವುದು ನಿಜ. ಮಾತಿನ ರಾಗ, ಓಟ, ಉಸಿರು ತೆಗೆದುಕೊಳ್ಳುವ ಜಾಗ, ಹಿಂದಿನ ಸದ್ದು, ಇದ್ಯಾವುದನ್ನೂ ಅದು ಮುಚ್ಚುವುದಿಲ್ಲ. ಮಾತಾಡುವವರು ಬದಲಾದರು ಅಂತ ಕಿವಿಗೆ ಗೊತ್ತಾಗುವುದು ಇವುಗಳಿಂದಲೂ.

ಇನ್ನು ಕನ್ನಡಕ್ಕೇ ಇರುವ ತೊಂದರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಸಮಸ್ಯೆಯ ಬೇರು ಇಲ್ಲಿದೆ ಅಂತ ನನಗೆ ಅನಿಸುತ್ತದೆ.

ಇಂಥ ಸಿಸ್ಟಂಗಳ ವಾಕ್ಯ ಮೊದಲು ಇಂಗ್ಲಿಷಿನಲ್ಲಿ ಕಟ್ಟಿರುತ್ತಾರೆ. ಖಾಲಿ ಜಾಗ ಬಿಟ್ಟು ಅದರೊಳಗೆ ಊರಿನ ಹೆಸರು ತುರುಕುವುದು. ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ. ಅಲ್ಲಿ ನಮ್ಮ 'ಗೆ', 'ಇಂದ'ಗಳ ಕೆಲಸ ಮಾಡುವ ಪದಗಳು ಹೆಸರಿನಿಂದ ಬೇರೆಯಾಗಿ ನಿಲ್ಲುತ್ತವೆ, ಹೆಸರು ಬದಲಾದರೂ ಅವು ಅಲ್ಲಾಡುವುದಿಲ್ಲ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೆ ಅಂಟಿಕೊಂಡೇ ಬರುತ್ತದೆ, ಅದೂ ಪ್ರತಿ ಹೆಸರಿಗೆ ಒಂದೊಂದು ಥರ. ಉಡುಪಿಗೆ, ಕುಂದಾಪುರಕ್ಕೆ, ಮಂಗಳೂರಿಗೆ. ಉಡುಪಿಯಿಂದ, ಕುಂದಾಪುರದಿಂದ, ಮಂಗಳೂರಿನಿಂದ. ಅಕ್ಕನಿಂದ "ಗೆ" ಅನ್ನುವುದನ್ನು ಬೇರೆಯೇ ರೆಕಾರ್ಡ್ ಮಾಡಿಸಿ ಅಂಟಿಸಲು ಬರುವುದಿಲ್ಲ. ಹಾಗೆ ಮಾಡಿದ್ದನ್ನೂ ನಾನು ಕೇಳಿದ್ದೇನೆ. "ಮಂಗಳೂರು ಗೆ" ಅಂತ ಒದರಿದಾಗ ಪದದ ಹೊಟ್ಟೆಯೊಳಗೇ ಜಾಯಿಂಟ್ ಬಿದ್ದಿರುತ್ತದೆ. ಅದು ಬೇಡವೆಂದು ಪ್ರತ್ಯಯವನ್ನೂ ಮೆಷಿನ್ ಕೈಗೆ ಕೊಟ್ಟರೆ ನಿಮ್ಮಲ್ಲಿ ಆಗಿರುವ ಹಾಗೆ ವಾಕ್ಯದ ನಡುಮಧ್ಯ ಅದು ಕೂರುತ್ತದೆ. ನಮ್ಮ ಕ್ರಿಯಾಪದ ಬರುವುದು ಕೊನೆಗೆ. ಹಾಗಾಗಿ ಬದಲಾಗುವ ಮಾಹಿತಿ ಎಲ್ಲ ನಡುವೆ ಸಿಕ್ಕಿಕೊಂಡು, ಎರಡೂ ಕಡೆ ಅಕ್ಕ, ಮಧ್ಯೆ ಮೆಷಿನ್ ಅನ್ನುವ ಸ್ಥಿತಿ.

ಇದಕ್ಕೆ ಪರಿಹಾರ ನೀವು ದಿನಾ ಕೇಳುತ್ತಿದ್ದೀರಿ. ಡೊಂಬಿವಲಿಯಿಂದ ಲೋಕಲ್ ಹತ್ತಿದರೆ ಮರಾಠಿಯಲ್ಲಿ "ಪುಢೀಲ್ ಸ್ಟೇಷನ್" (ಮುಂದಿನ ಸ್ಟೇಷನ್) ಅಂತ ಬರುತ್ತದೆ, ಆಮೇಲೆ "ಠಾಣೆ" ಅನ್ನುವುದು ಬಿಡಿಯಾಗಿ. ಮರಾಠಿಯಲ್ಲೂ ಪ್ರತ್ಯಯ ಹೆಸರಿಗೆ ಅಂಟುತ್ತದೆ. ಆದರೆ ಈ ವಾಕ್ಯದಲ್ಲಿ ಹೆಸರಿಗೆ ಯಾವ ಬಾಲವೂ ಬೇಕಾಗಿಲ್ಲ, ಅದು ಕೊನೆಯಲ್ಲಿ ಒಂಟಿಯಾಗಿ ನಿಂತಿದೆ. ಮುಂದೆ ಎಷ್ಟು ಸ್ಟೇಷನ್ ಸೇರಿದರೂ ವಾಕ್ಯ ಮುರಿಯುವುದಿಲ್ಲ. ರೆಕಾರ್ಡ್ ಮಾಡಿದ ತುಂಡುಗಳನ್ನು ಜೋಡಿಸಿ ಫೋನಿನಲ್ಲಿ ಮಾತಾಡಿಸುವುದೂ ಹೊಸದೇನಲ್ಲ. 1936ರಲ್ಲಿ ಬ್ರಿಟನ್ನಿನಲ್ಲಿ ಫೋನಿನಲ್ಲಿ ಗಂಟೆ ಹೇಳುವ ಗಡಿಯಾರ ಶುರುವಾದಾಗ ಎಥೆಲ್ ಕೇನ್ ಅನ್ನುವ ಟೆಲಿಫೋನ್ ಆಪರೇಟರ್ ದನಿಯನ್ನು ಗಾಜಿನ ತಟ್ಟೆಗಳ ಮೇಲೆ ತುಂಡು ತುಂಡಾಗಿ ಹಿಡಿದಿಟ್ಟು ಜೋಡಿಸಿದ್ದರು. ಆಗಿನಿಂದಲೂ ಜಾಣತನ ಇರುವುದು ಎಲ್ಲಿ ತುಂಡು ಮಾಡುತ್ತೇವೆ ಅನ್ನುವುದರಲ್ಲಿ.

ಹಾಗಾಗಿ "ನಿಮ್ಮ ಬಸ್ಸು ಕುಂದಾಪುರಕ್ಕೆ ಬೆಳಿಗ್ಗೆ..." ಅನ್ನುವುದನ್ನು ಒಡೆದುಹಾಕಿ. "ನಿಮ್ಮ ಟಿಕೆಟ್ ಸಿಕ್ಕಿತು. ವಿವರ ಕೇಳಿ." ಇಷ್ಟು ಅಕ್ಕ ಹೇಳಲಿ, ಅಲ್ಲಿಗೆ ಅವರ ವಾಕ್ಯ ಮುಗಿಯಲಿ. ಅರ್ಧ ಸೆಕೆಂಡ್ ಬಿಡಿ. ಆಮೇಲೆ ಮೆಷಿನ್ ಪೂರ್ತಿ ವಿವರವನ್ನು ತಾನೊಬ್ಬನೇ ಹೇಳಲಿ: "ಇಳಿಯುವ ಊರು, ಕುಂದಾಪುರ. ತಲುಪುವ ಸಮಯ, ಬೆಳಿಗ್ಗೆ ಹತ್ತೂವರೆ." ಒಬ್ಬರು ಮುಗಿಸಿ ಇನ್ನೊಬ್ಬರ ಕೈಗೆ ಫೋನ್ ಕೊಟ್ಟ ಹಾಗೆ. ನಾಲ್ಕು ಜಾಯಿಂಟ್ ಹೋಗಿ ಒಂದು ಉಳಿಯಿತು, ಅದೂ ವಾಕ್ಯ ಮುಗಿದ ಜಾಗದಲ್ಲಿ. ಅಲ್ಲಿ ದನಿ ಬದಲಾದರೆ ಯಾರೂ ಬೆಚ್ಚುವುದಿಲ್ಲ. ನಿಮ್ಮ ಆಫೀಸಿನಲ್ಲೂ ಕೌಂಟರಿನವರು ಮಾತಾಡಿಸಿ, ಚೀಟಿ ಬರೆಯುವವರ ಕಡೆ ಕಳಿಸುತ್ತಾರಲ್ಲ.

ಇನ್ನೊಂದು ಗಮನಿಸಿ. ನಿಮ್ಮ ಮೆಷಿನ್ "ಹತ್ತು ಗಂಟೆ ಮೂವತ್ತು ನಿಮಿಷ" ಅನ್ನುತ್ತದೆ. ನಾವು ಯಾರೂ ಹಾಗೆ ಹೇಳುವುದಿಲ್ಲ. ಹತ್ತೂವರೆ, ಹತ್ತೂ ಕಾಲು, ಹತ್ತೂ ಮುಕ್ಕಾಲು ಅನ್ನುತ್ತೇವೆ. ಅದು ದನಿಯ ದೋಷ ಅಲ್ಲ, ಅದಕ್ಕೆ ಬರೆದುಕೊಟ್ಟ ಮಾತಿನ ದೋಷ. ಕೂತು ಬರೆದರೆ ಒಂದು ಮಧ್ಯಾಹ್ನದ ಕೆಲಸ.

ನನ್ನ ಕೆಲಸದಲ್ಲೂ ಇಂಥ ತಪ್ಪು ಆಗಿದೆ. ಕೆಲವು ವರ್ಷದ ಹಿಂದೆ ಮುಂಬೈಯ ಒಂದು ಪತ್ತಿನ ಸಂಘಕ್ಕೆ ಫೋನ್ ಮಾತು ಮಾಡಿಕೊಟ್ಟಿದ್ದೆವು. ಸ್ವಾಗತ, ಸೂಚನೆ ಎಲ್ಲ ಒಬ್ಬ ರಂಗಭೂಮಿ ಕಲಾವಿದೆಯ ದನಿ. ಖಾತೆಯಲ್ಲಿರುವ ಮೊತ್ತ ಮಾತ್ರ ಮೆಷಿನ್. ಸ್ಟುಡಿಯೊದಲ್ಲಿ ನಮಗೆಲ್ಲ ಚೆನ್ನಾಗಿದೆ ಅನಿಸಿತ್ತು. ತಿಂಗಳಾದ ಮೇಲೆ ಸಂಘದವರು ಹೇಳಿದರು, ವಯಸ್ಸಾದ ಸದಸ್ಯರು ಲೈನ್ ಕ್ರಾಸ್ ಆಯ್ತು ಅಂದುಕೊಂಡು ಮೊತ್ತ ಬರುವ ಹೊತ್ತಿಗೆ ಸರಿಯಾಗಿ ಫೋನ್ ಇಡುತ್ತಿದ್ದಾರೆ ಅಂತ. ಒಬ್ಬ ಅಜ್ಜಿ ಫೋನಿನಲ್ಲಿ ಕೇಳಿದ ಮೊತ್ತ ಸರಿಯಾ ಅಂತ ಪ್ರತಿ ಸಲವೂ ಪಾಸ್‌ಬುಕ್ ಹಿಡಿದು ಬರುತ್ತಿದ್ದರಂತೆ. "ಹಣದ ಲೆಕ್ಕ ಹೇಳಿದವಳು ಯಾರು ಅಂತ ನನಗೆ ಗೊತ್ತಿಲ್ಲವಲ್ಲ" ಅಂದರಂತೆ. ಆಕೆ ಹೇಳಿದ್ದು ನನಗೆ ಈಗಲೂ ನೆನಪಿದೆ. ನಾವು ನಂಬಿಕೆ ಹುಟ್ಟುವ ದನಿಯನ್ನು ಮುಖ್ಯವಲ್ಲದ ಮಾತಿಗೆ ಕೊಟ್ಟು, ಮುಖ್ಯ ಮಾತನ್ನು ಪರಿಚಯವೇ ಇಲ್ಲದ ದನಿಗೆ ಕೊಟ್ಟಿದ್ದೆವು. ಆಮೇಲೆ ಆ ಕಲಾವಿದೆಯಿಂದಲೇ ಅಂಕಿಗಳನ್ನೂ ರೆಕಾರ್ಡ್ ಮಾಡಿಸಿದೆವು.

ಅಂಕಿ ರೆಕಾರ್ಡ್ ಮಾಡುವುದು ಕೇಳಲು ಸುಲಭ. ಹತ್ತಿರದಿಂದ ನೋಡಿದವರಿಗೆ ಅದರ ಕಷ್ಟ ಗೊತ್ತು. ಆಕೆ ಮೊದಲ ದಿನ ಒಂದರಿಂದ ನೂರರವರೆಗೆ ಸಾಲಾಗಿ ಓದಿದರು. ಅರುವತ್ತು ದಾಟುವ ಹೊತ್ತಿಗೆ ದನಿ ಗೊತ್ತಿಲ್ಲದೆ ಇಳಿದಿತ್ತು. ಜೋಡಿಸಿದಾಗ "ಹನ್ನೆರಡು" ಬೆಳಗಿನ ಹುರುಪಿನಲ್ಲಿ, "ಎಂಬತ್ತೆಂಟು" ನಿದ್ದೆಗಣ್ಣಿನಲ್ಲಿ ಹೇಳಿದ ಹಾಗಿತ್ತು. ಮರುದಿನ ಅಂಕಿಗಳನ್ನು ಕಲಸಿ ಬರೆದುಕೊಟ್ಟೆವು, 47 ಆದ ಮೇಲೆ 3, ಅದಾದ ಮೇಲೆ 91. ಪ್ರತಿ ಹತ್ತು ನಿಮಿಷಕ್ಕೆ ಬಿಸಿನೀರು. ಒಂದೊಂದನ್ನೂ ಎರಡೆರಡು ರಾಗದಲ್ಲಿ ಹೇಳಿಸಬೇಕು, ಮಾತು ಮುಂದುವರಿಯುವಾಗಿನದು ಒಂದು, ಮುಗಿಯುವಾಗಿನದು ಒಂದು. ಎಲ್ಲ ಅಂಕಿಯೂ ಮುಗಿಯುವ ರಾಗದಲ್ಲೇ ಇದ್ದರೆ, ಫೋನ್ ನಂಬರ್ ಓದುವಾಗ ಪ್ರತಿ ಅಂಕಿಗೂ ಮಾತು ಮುಗಿಯಿತು ಅಂತ ಕೇಳುವವರು ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ನೂರು, ಇನ್ನೂರು, ಮುನ್ನೂರು, ನಾನೂರು, ಐನೂರು ಒಂದೊಂದೂ ಬೇರೆ ಪದ. 'ಸಾವಿರ' ಇದ್ದದ್ದು ಮುಂದೆ ಅಂಕಿ ಬಂದರೆ 'ಸಾವಿರದ' ಆಗುತ್ತದೆ. ಇದೆಲ್ಲ ಗೊತ್ತಿಲ್ಲದವರು ಜೋಡಿಸಿದರೆ "ಐದು ನೂರು" ಅಂತ ಬರುತ್ತದೆ.

ಬೆರೆಸುವುದೇ ತಪ್ಪಾ ಅಂತ ಕೇಳಿದ್ದೀರಿ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2001ರಲ್ಲಿ ಲೀ ಗಾಂಗ್, ಜೆನ್ನಿಫರ್ ಲೈ ಅನ್ನುವ ಇಬ್ಬರು 24 ಜನರನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ಪೂರ್ತಿ ಮೆಷಿನ್ ದನಿ, ಉಳಿದವರಿಗೆ ಮನುಷ್ಯರ ದನಿ, ಮೆಷಿನ್ ದನಿ ಬೆರೆಸಿದ್ದು. ಇಮೇಲ್, ಕ್ಯಾಲೆಂಡರ್ ನೋಡುವ ಕೆಲಸ ಕೊಟ್ಟರು. ಬೆರಕೆ ದನಿ ಕೇಳಿದವರು ಅದನ್ನು ಹೆಚ್ಚು ಮೆಚ್ಚಿದರು, ಕೆಲಸವನ್ನೂ ತಾವು ಚೆನ್ನಾಗಿ ಮಾಡಿದೆವು ಅಂದುಕೊಂಡರು. ನಿಜವಾಗಿ ಕೆಲಸ ಚೆನ್ನಾಗಿ ಮಾಡಿದ್ದು ಬರೀ ಮೆಷಿನ್ ದನಿ ಕೇಳಿದವರು. 24 ಜನ ಅಂದರೆ ಚಿಕ್ಕ ಪ್ರಯೋಗ, ಆ ಕಾಲದ ಮೆಷಿನ್ ದನಿಯೂ ಬೇರೆ. 2016ರಲ್ಲಿ ವೇವ್‌ನೆಟ್ ಅನ್ನುವ ಹೊಸ ಬಗೆಯ ಮೆಷಿನ್ ದನಿ ಬಂದ ಮೇಲೆ ಈ ದನಿಗಳು ತುಂಬಾ ಬದಲಾಗಿವೆ. ಆದರೂ ನಾನು ಪ್ರತಿ ಗಿರಾಕಿಗೂ ಇದನ್ನು ಹೇಳುತ್ತೇನೆ, ಯಾಕೆಂದರೆ ನನ್ನ ಅನುಭವವೂ ಅದೇ. "ಚೆನ್ನಾಗಿದೆಯಾ?" ಅಂತ ಜನರನ್ನು ಕೇಳಿ ತೀರ್ಮಾನ ಮಾಡಬೇಡಿ. ಆ ಅಜ್ಜನ ಕೈಗೇ ಫೋನ್ ಕೊಡಿ. ಕೇಳಿ ಮುಗಿದ ಮೇಲೆ "ಬಸ್ ಎಷ್ಟೊತ್ತಿಗೆ? ಎಲ್ಲಿ ಹತ್ತಬೇಕು? ಸೀಟ್ ಯಾವುದು?" ಅಂತ ಕೇಳಿ. ಮೂರೂ ಸರಿ ಹೇಳಿದರೆ ಸಿಸ್ಟಂ ಸರಿ ಇದೆ.

ನಿಮ್ಮ ಮೂರನೇ ಕಾಲ್‌ನಲ್ಲಿ ಇನ್ನೊಂದು ತೊಂದರೆ ಸಿಕ್ಕಿತು. ಗಿರಾಕಿ ಕೇಳಿದ ಮೇಲೆ ಸುಮಾರು ಮೂರು ಸೆಕೆಂಡ್ ಮೌನ. ಅವರು "ಹಲೋ? ಹಲೋ?" ಅನ್ನುತ್ತಾರೆ. ಆ ಹಲೋವನ್ನು ಮೆಷಿನ್ ಹೊಸ ಪ್ರಶ್ನೆ ಅಂದುಕೊಂಡು ಮೊದಲಿಂದ ಶುರುಮಾಡುತ್ತದೆ. ಮನುಷ್ಯರು ಮಾತಾಡುವಾಗ ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಪಾಲು ಮಾತ್ರ. ಮೂರು ಸೆಕೆಂಡ್ ಅಂದರೆ ಫೋನಿನಲ್ಲಿ ಲೈನ್ ಸತ್ತ ಹಾಗೆ. ಜನ ಫೋನ್ ಇಡುವುದಕ್ಕೆ ಎರಡು ದನಿಯಷ್ಟೇ ಇದೂ ಕಾರಣ. ನಿಮ್ಮ ಊರುಗಳು, ಟೈಮ್‌ಗಳು, ಸೀಟುಗಳು ಎಷ್ಟಿವೆ ಅಂತ ಮೊದಲೇ ಗೊತ್ತು. ಅವುಗಳ ಮಾತನ್ನು ಮೆಷಿನ್‌ನಿಂದ ಮುಂಚೆಯೇ ಹೇಳಿಸಿ ಫೈಲ್ ಮಾಡಿ ಇಟ್ಟುಕೊಂಡರೆ ಕಾಯುವುದು ತುಂಬಾ ಕಡಿಮೆ ಆಗುತ್ತದೆ. ಉಳಿದ ಕಡೆ "ಒಂದು ನಿಮಿಷ, ನೋಡಿ ಹೇಳ್ತೇನೆ" ಅನ್ನುವಂಥದ್ದನ್ನು ನಾಲ್ಕೈದು ಬಗೆಯಲ್ಲಿ ಇಡಿ. ಒಂದೇ ಆದರೆ ಎರಡನೇ ಸಲಕ್ಕೇ ಬೇಜಾರು. ಆ ಮಾತನ್ನು ಮುಂದಿನ ಉತ್ತರ ಹೇಳುವ ದನಿಯೇ ಹೇಳಬೇಕು, ಇಲ್ಲದಿದ್ದರೆ ಅಲ್ಲೊಂದು ಹೊಸ ಜಾಯಿಂಟ್.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲವನ್ನೂ ಮನುಷ್ಯರ ದನಿಯಲ್ಲೇ ರೆಕಾರ್ಡ್ ಮಾಡುವುದು ನಿಮಗೆ ಸಾಧ್ಯ. ಬ್ಯಾಂಕಿಗೋ ಆಸ್ಪತ್ರೆಗೋ ಇದು ಆಗದ ಮಾತು. ನಿಮಗೆ ಮೂವತ್ತು ನಲವತ್ತು ನಿಲ್ದಾಣ, ಟೈಮ್‌ಗಳು, ಸೀಟ್ ನಂಬರ್, ವಾರ, ತಾರೀಖು, ದರ. ನನ್ನ ಲೆಕ್ಕದಲ್ಲಿ ಸುಮಾರು 300 ತುಣುಕು, ಎರಡು ದಿನದ ಕೆಲಸ. ಕೇಳಲು ಇದೇ ಅತಿ ಚೆಂದ. ಅಪಾಯ ಏನೆಂದರೆ ನಾಳೆ ಹೊಸ ನಿಲ್ದಾಣ ಸೇರಿದರೆ ಮತ್ತೆ ಅದೇ ವ್ಯಕ್ತಿ, ಅದೇ ಮೈಕು, ಅದೇ ಕೋಣೆ ಬೇಕು. ವರ್ಷಗಳಾದ ಮೇಲೆ ದನಿ ಹಾಗೇ ಇರುವುದಿಲ್ಲ. ಇನ್ನೊಂದು, ಗಿರಾಕಿ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ ಕೇಳಿದರೆ ಉತ್ತರ ಇರುವುದಿಲ್ಲ.

ಮಗ ಹೇಳಿದ ಹಾಗೆ ಎಲ್ಲ ಮೆಷಿನ್‌ಗೆ ಕೊಟ್ಟರೆ ದನಿ ಒಂದೇ ಆಗುತ್ತದೆ, ಜಾಯಿಂಟ್ ತಲೆನೋವು ಹೋಗುತ್ತದೆ. ಕನ್ನಡಕ್ಕೆ ಈಗ ಒಳ್ಳೆಯ ಮೆಷಿನ್ ದನಿಗಳಿವೆ. ಐಐಟಿ ಮದ್ರಾಸಿನ ಎಐ4ಭಾರತ್, ಬೆಂಗಳೂರಿನ ಐಐಎಸ್ಸಿಯ ಸಿಸ್ಪಿನ್ ಯೋಜನೆ, 2022ರಲ್ಲಿ ಶುರುವಾದ ಸರ್ಕಾರದ ಭಾಷಿಣಿ, ಎಲ್ಲದರಲ್ಲೂ ಕನ್ನಡ ಇದೆ. ಆದರೆ ಹಿಂದಿ ಅಭ್ಯಾಸದ ದನಿಯನ್ನು ಕನ್ನಡಕ್ಕೆ ತಿರುಗಿಸಿದ್ದಾರಾ ಅಂತ ಪರೀಕ್ಷಿಸಿ ನೋಡಿ. "ಕಾರವಾರ", "ಧಾರವಾಡ" ಹೇಳಿಸಿ. ಕೊನೆಯ 'ಅ' ನುಂಗಿ "ಕಾರವಾರ್" ಅಂದರೆ ಅದು ಹಿಂದಿಯ ಚಾಳಿ. ಮುಂಬೈ ಹೆಸರುಗಳಿಗೆ ಇದರ ಉಲ್ಟಾ ಬೇಕು, ಪನ್ವೇಲ್, ಚೆಂಬೂರ್ ಅಂತಲೇ ಬರಬೇಕು. ಪ್ರತಿ ನಿಲ್ದಾಣದ ಉಚ್ಚಾರ ಒಂದು ಪಟ್ಟಿ ಮಾಡಿ ಸಿಸ್ಟಂನವರಿಗೆ ಕೊಡಿ, ಅವರು ಹಾಕಿಕೊಡಲೇಬೇಕು. ಇದರಲ್ಲಿ ನೀವು ಕಳೆದುಕೊಳ್ಳುವುದು ಅಕ್ಕನ ಪರಿಚಯದ ದನಿ. ನಿಮ್ಮ ಗಂಡ ಬೇಡ ಅನ್ನುವುದು ಬರೀ ಭಾವನೆಗೆ ಅಂತ ತಳ್ಳಿಹಾಕಬೇಡಿ. ಊರಿಂದ ದೂರ ಇರುವವರಿಗೆ ಕುಂದಾಪುರದ ರಾಗದಲ್ಲಿ ಒಂದು "ನಮಸ್ಕಾರ" ಕೇಳುವುದು ದೊಡ್ಡದೇ.

ಕ್ಲೋನ್ ಮಾತಿಗೆ ಬರೋಣ. ಮೊದಲು ತಾಂತ್ರಿಕ ಸಂಗತಿ. ನಿಮ್ಮ ಹಳೇ ಐವಿಆರ್ ಫೈಲ್‌ಗಳು ಬಹುಶಃ ಫೋನ್ ಗುಣಮಟ್ಟದವು, ಸದ್ದನ್ನು ಸೆಕೆಂಡಿಗೆ 8000 ಸಲ ಮಾತ್ರ ಅಳೆದು ಹಿಡಿದವು. ಅದರಲ್ಲಿ ಮೇಲಿನ ಸದ್ದೇ ಇಲ್ಲ, ಮೇಲಾಗಿ ಫ್ಯಾನ್ ಸದ್ದು ಬೆರೆತಿದೆ. ಅದರಿಂದ ಕ್ಲೋನ್ ಮಾಡಿದರೆ ಮಂಕಾದ ದನಿ ಬರುತ್ತದೆ. ಸ್ಟುಡಿಯೊದ ಮೂಲ ಫೈಲ್ ಇದ್ದರೂ ಕ್ಲೋನ್ ಹಿಡಿಯುವುದು ಹೆಚ್ಚಾಗಿ ದನಿಯ ಬಣ್ಣವನ್ನು. ಮಾತಿನ ನಡಿಗೆ ಆ ಮೆಷಿನ್ ಮೊದಲು ಕಲಿತ ಕನ್ನಡದ್ದೇ ಆಗಿರುತ್ತದೆ. ಬಣ್ಣ ಅಕ್ಕನದು, ನಡಿಗೆ ಬೇರೆ ಯಾರದ್ದೋ. ಅವರನ್ನು 14 ವರ್ಷ ಕೇಳಿದವರಿಗೆ ಅದು ಮೆಷಿನ್ ದನಿಗಿಂತಲೂ ಜಾಸ್ತಿ ವಿಚಿತ್ರ ಅನಿಸಬಹುದು.

ಅದಕ್ಕಿಂತ ದೊಡ್ಡದು "ಯಾರಿಗೂ ಗೊತ್ತಾಗುವುದಿಲ್ಲ" ಅನ್ನುವ ಮಾತು. ಅದನ್ನು ಹೇಳಿದವರ ಮೇಲೆ ನನಗೆ ಬೇಸರ ಇದೆ. ಅಕ್ಕ 6 ವರ್ಷದ ಹಿಂದೆ ಒಪ್ಪಿದ್ದು ಕೆಲವು ವಾಕ್ಯ ಓದುವುದಕ್ಕೆ. ತಾವು ಯಾವತ್ತೂ ಹೇಳದ ಮಾತನ್ನು ತಮ್ಮ ದನಿ ಹೇಳುವುದಕ್ಕೆ ಅವರು ಒಪ್ಪಿಲ್ಲ. ಅಮೆರಿಕದ ಸೂಸನ್ ಬೆನೆಟ್ ಅನ್ನುವ ದನಿ ಕಲಾವಿದೆ 2005ರಲ್ಲಿ ಒಂದು ಕಂಪನಿಗೆ ಅರ್ಥವಿಲ್ಲದ ವಾಕ್ಯಗಳನ್ನು ದಿನಗಟ್ಟಲೆ ಓದಿದರು. 2011ರಲ್ಲಿ ಐಫೋನಿನಲ್ಲಿ ಸಿರಿ ಅನ್ನುವ ಮಾತಾಡುವ ಸಹಾಯಕಿ ಬಂದಾಗ, ಇನ್ನೊಬ್ಬ ಕಲಾವಿದರು ಹೇಳಿದ ಮೇಲೆಯೇ ಅದು ತಮ್ಮ ದನಿ ಅಂತ ಅವರಿಗೆ ಗೊತ್ತಾಗಿದ್ದು. ನಮ್ಮಲ್ಲೂ 2024ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ಅರ್ಜಿಯ ಮೇಲೆ, ಒಪ್ಪಿಗೆ ಇಲ್ಲದೆ ಎಐನಿಂದ ಅವರ ದನಿ ನಕಲು ಮಾಡುವುದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅವರು ಹೆಸರಾಂತರು, ಕೋರ್ಟಿಗೆ ಹೋಗಬಲ್ಲರು. ನಿಮ್ಮ ಅಕ್ಕ ಹೋಗುವುದಿಲ್ಲ. ಅದಕ್ಕೇ ನೀವು ಇನ್ನೂ ಹೆಚ್ಚು ಜೋಪಾನ ಮಾಡಬೇಕು.

ಇನ್ನೊಂದು ಅಪಾಯ ನೇರ ಹಣದ್ದು. ಅಕ್ಕನ ದನಿಯನ್ನು ನಿಮ್ಮ ಗಿರಾಕಿಗಳು ನಂಬುತ್ತಾರೆ. ಆ ಕ್ಲೋನ್ ಫೈಲ್ ಬೇರೆ ಕೈಗೆ ಸಿಕ್ಕರೆ, "ಟಿಕೆಟ್ ಹಣ ವಾಪಸ್ ಬರಬೇಕು, ಓಟಿಪಿ ಹೇಳಿ" ಅಂತ ಅದೇ ದನಿಯಲ್ಲಿ ಕೇಳಿದರೆ ಎಷ್ಟು ಜನ ಹೇಳಿಬಿಡುತ್ತಾರೆ ಯೋಚಿಸಿ. ಕ್ಲೋನ್ ಮಾಡುವುದೇ ಆದರೆ ಅದು ಎಲ್ಲಿ ಇರುತ್ತದೆ, ಯಾರು ತೆಗೆಯಬಹುದು, ನಿಮ್ಮ ಗುತ್ತಿಗೆ ಮುಗಿದ ಮೇಲೆ ಅಳಿಸುತ್ತಾರಾ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬರೆದುಕೊಡದಿದ್ದರೆ ಅವರ ಹತ್ತಿರ ಮಾಡಿಸಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಇವತ್ತೇ ವಾಕ್ಯಗಳನ್ನು ಒಡೆಸಿ, ಅಕ್ಕನ ಪಾಲು, ಮೆಷಿನ್ ಪಾಲು ಬೇರೆ ಮಾಡುತ್ತಿದ್ದೆ. ಅಕ್ಕನ ರೆಕಾರ್ಡಿಂಗಿನ ಫ್ಯಾನ್ ಸದ್ದು ಆದಷ್ಟು ತೆಗೆಸಿ, ಎರಡೂ ದನಿಯ ಜೋರು ಸಮ ಮಾಡಿಸುತ್ತಿದ್ದೆ. ಮೆಷಿನ್‌ಗೆ ಬೇಕೆಂದೇ ಗಂಡಸಿನ ದನಿ ಆರಿಸುತ್ತಿದ್ದೆ. ಅಕ್ಕನನ್ನು ಹೋಲುವ ಹೆಂಗಸಿನ ದನಿ ಹಾಕಿದರೆ ಅವರಿಗೇ ಏನೋ ಆಗಿ ದನಿ ಬದಲಾಯಿತಾ ಅನಿಸುತ್ತದೆ, ಪೂರ್ತಿ ಬೇರೆ ದನಿ ಆದರೆ ಬೇರೆಯವರು ಅಂತ ತಕ್ಷಣ ಗೊತ್ತಾಗುತ್ತದೆ. ಅದರ ಮೊದಲ ಮಾತೇ "ನಾನು ಕಂಪ್ಯೂಟರ್ ದನಿ, ಟಿಕೆಟ್ ವಿವರ ಹೇಳುತ್ತೇನೆ" ಅಂತ ಇರಲಿ. 2018ರಲ್ಲಿ ಗೂಗಲ್, ಜನರಿಗೆ ಫೋನ್ ಮಾಡಿ ಮಾತಾಡುವ ತನ್ನ ಡ್ಯೂಪ್ಲೆಕ್ಸ್ ತೋರಿಸಿದಾಗ ಅದು "ಹಾಂ", "ಉಂ" ಅಂತ ಮನುಷ್ಯರ ಹಾಗೆ ಎಳೆದು ಮಾತಾಡಿತ್ತು. ಆ ಕಡೆ ಫೋನ್ ಎತ್ತಿದವರಿಗೆ ಮೆಷಿನ್ ಅಂತ ಹೇಳದೆ ಇದ್ದದ್ದಕ್ಕೆ ಬಹಳ ಟೀಕೆ ಬಂತು, ಮುಂದೆ ಹೇಳಿಯೇ ಮಾತಾಡುತ್ತದೆ ಅಂತ ಅವರು ಮಾತು ಕೊಡಬೇಕಾಯಿತು. ಯಾವ ಹೊತ್ತಿನಲ್ಲೂ 0 ಒತ್ತಿದರೆ ಆಫೀಸಿನವರು ಸಿಗಲಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಬಸ್ ನಿಂತ ರಾತ್ರಿ ಮಾತ್ರ ಯಾವ ರೆಕಾರ್ಡಿಂಗೂ ಬೇಡ, ಯಾವ ಮೆಷಿನ್ನೂ ಬೇಡ. ಆಗ ನೀವೋ ನಿಮ್ಮ ಯಜಮಾನರೋ ಫೋನ್ ಎತ್ತಿ.

ಅಕ್ಕನ ಹತ್ತಿರ ಫೋನಿನಲ್ಲಿ ಮತ್ತೆ ಕೇಳಬೇಡಿ, ಹೋಗಿ. ಕ್ಲೋನ್ ಅಂದರೆ ಏನು ಅಂತ ಲ್ಯಾಪ್‌ಟಾಪಿನಲ್ಲಿ ಬೇರೆ ಯಾರದ್ದಾದರೂ ದನಿಯ ಮಾದರಿ ಕೇಳಿಸಿ. ಅದು ಬೇಡ ಅಂದರೆ ಅಲ್ಲಿಗೇ ಬಿಡಿ, ಎರಡನೇ ಸಲ ಕೇಳಬೇಡಿ. ಹೊಸದಾಗಿ ರೆಕಾರ್ಡ್ ಮಾಡಿಕೊಡ್ತೀರಾ ಅಂತ ಕೇಳಿ. ಎಷ್ಟು ವರ್ಷಕ್ಕೆ, ಯಾವ ಮಾತಿಗೆ, ಎಷ್ಟು ಹಣಕ್ಕೆ, ಬೇಡ ಅನಿಸಿದ ದಿನ ತೆಗೆಸುವುದು ಹೇಗೆ ಅನ್ನುವುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಒಂದು ಪ್ರತಿ ಅವರ ಹತ್ತಿರ ಇರಲಿ. ಒಪ್ಪಿದರೆ ಮಳೆ ಮುಗಿದ ಮೇಲೆ ಇಟ್ಟುಕೊಳ್ಳಿ. ಹಂಚಿನ ಮನೆಯಲ್ಲಿ ಮಳೆ ಸದ್ದು ಮೈಕಿಗೆ ಬಂದೇ ಬರುತ್ತದೆ. ಒಳಗಿನ ಕೋಣೆ ಆಯ್ದುಕೊಳ್ಳಿ, ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ. ಶುರುವಿಗೂ ಕೊನೆಗೂ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿಕೊಳ್ಳಿ, ತುಂಡುಗಳ ನಡುವೆ ತುಂಬಲು ಬೇಕಾಗುತ್ತದೆ. ನಿಲ್ದಾಣಗಳ ಪಟ್ಟಿ ಕೊಂಡುಹೋಗಿ, ಹೆಸರುಗಳನ್ನು ಅವರ ಬಾಯಲ್ಲಿ ಬರುವ ಹಾಗೆಯೇ ಹೇಳಲು ಬಿಡಿ, ತಿದ್ದಬೇಡಿ.